ಕರಡಿ ಕಾಡಿನಲ್ಲಿ ಟೆಂಟ್ ಹಾಕುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಮಾತು ಶುರು. ಕೆಲವರು ಇನ್ನೊಂದು ರಾಷ್ಟ್ರೀಯ ಉದ್ಯಾನವಾದ ಯೆಲ್ಲೋಸ್ಟೋನ್‌ವರೆಗೂ ಹೊರಡುತ್ತಾರೆ. ಎರಡೂ ಕಡೆ ಕರಡಿಗಳಿವೆ. ‘ಎದುರಿಗೆ ಬಂದರೆ ಏನು ಮಾಡೋದು?’ ಅಂತ ಎಲ್ಲರೂ ಕೇಳುತ್ತಾರೆ. ಬುತ್ತಿ ಎಲ್ಲಿಡೋದು ಅಂತ ಯಾರೂ ಕೇಳುವುದಿಲ್ಲ. ಅಸಲಿ ವಿಷಯ ಇರುವುದು ಅಲ್ಲೇ.

ಮೊದಲು, ಯಾವ ಕರಡಿ?

ಯೊಸೆಮಿಟಿಯಲ್ಲಿ ಕಪ್ಪು ಕರಡಿ ಮಾತ್ರ. ಯೆಲ್ಲೋಸ್ಟೋನ್‌ನಲ್ಲಿ ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯೂ ಇದೆ. ಬಣ್ಣ ನಂಬಬೇಡಿ, ಕಪ್ಪು ಕರಡಿ ಕಂದು ಬಣ್ಣದ್ದೂ ಇರುತ್ತದೆ. ಹೆಗಲ ಮೇಲೆ ಡುಬ್ಬ ಕಂಡರೆ ಅದು ಗ್ರಿಜ್ಲಿ.

ಆಮೇಲೆ, ಬುತ್ತಿ

ಯೊಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪ್ರತಿ ಜಾಗಕ್ಕೂ ಒಂದು ಲೋಹದ ಲಾಕರ್ ಇರುತ್ತದೆ. ತಲುಪಿದ ಕೂಡಲೇ ಅದನ್ನು ತುಂಬಿಸಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತುಪ್ಪ, ಉಪ್ಪಿನಕಾಯಿ ಅಷ್ಟೇ ಸಾಲದು. ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಮಗುವಿನ ವೈಪ್ಸ್, ಖಾಲಿ ಕೂಲರ್ ಕೂಡ ಒಳಗೇ ಹೋಗಬೇಕು. ವಾಸನೆ ಬರುವುದೆಲ್ಲ ಕರಡಿಗೆ ಊಟವೇ. ಬಾಗಿಲನ್ನು ಸುಮ್ನೆ ತಳ್ಳಿ ಬಿಡಬೇಡಿ, ಚಿಲಕ ಹಾಕಿ. ಅಡುಗೆ ಮಾಡುತ್ತಿರುವಾಗಲೂ ಅಷ್ಟೇ.

ಕಾರಿನ ಡಿಕ್ಕಿಯಲ್ಲಿಟ್ಟರೆ ಸಾಕು ಅಂದುಕೊಳ್ಳುವವರೇ ಜಾಸ್ತಿ. ಇಲ್ಲಿನ ಕರಡಿಗಳು ಕಾರಿನ ಬಾಗಿಲನ್ನೇ ಬಗ್ಗಿಸಿ ಕಿತ್ತುಬಿಡುತ್ತವೆ. 1998ರಲ್ಲಿ ಯೊಸೆಮಿಟಿಯಲ್ಲಿ ಒಟ್ಟು 1,500ಕ್ಕೂ ಹೆಚ್ಚು ಕರಡಿ ಹಾವಳಿಗಳು ದಾಖಲಾದವು. ಈಗ ರಾತ್ರಿ ಕಾರಿನಲ್ಲಿ ಆಹಾರ ಇಡುವಂತಿಲ್ಲ. ಆಹಾರದ ನಿಯಮ ಮುರಿದರೆ ದಂಡ 5,000 ಡಾಲರ್‌ವರೆಗೆ ಹೋಗಬಹುದು. ಮಗುವಿನ ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕೆಟ್ ಚೂರನ್ನೂ ತೆಗೆದುಬಿಡಿ.

ಉಳಿದ ಸಾರು, ಮುಸುರೆ ನೀರನ್ನು ಗಿಡದ ಬುಡಕ್ಕೆ ಸುರಿಯುವ ಅಭ್ಯಾಸ ಅಲ್ಲಿ ಬೇಡ. ನನ್ನನ್ನು ಕೇಳಿದರೆ, ಒಗ್ಗರಣೆಯನ್ನೇ ಮನೆಗೆ ಬಿಟ್ಟು ಹೋಗಿ. ಎರಡು ದಿನ ಅವಲಕ್ಕಿ, ಬ್ರೆಡ್ಡಿನಲ್ಲಿ ಕಳೆಯಬಹುದು, ಅಲ್ವಾ?

ಕಾಡಿನ ಒಳಗೆ ನಡೆದುಹೋಗಿ ತಂಗುವವರಿಗೆ ಲಾಕರ್ ಸಿಗುವುದಿಲ್ಲ. ಯೊಸೆಮಿಟಿಯಲ್ಲಿ ಕರಡಿಗೆ ತೆಗೆಯಲಾಗದ ಗಟ್ಟಿ ಡಬ್ಬಿ ಕಡ್ಡಾಯ, ಅದು ಬಾಡಿಗೆಗೂ ಸಿಗುತ್ತದೆ. ಯೆಲ್ಲೋಸ್ಟೋನ್‌ನಲ್ಲಿ ಡಬ್ಬಿ ಇಲ್ಲದಿದ್ದರೆ ಚೀಲವನ್ನು ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ಆಚೆ ತೂಗುಹಾಕಬೇಕು. ಅಡುಗೆ ಮಾಡುವ ಜಾಗ ಮಲಗುವ ಜಾಗದಿಂದ 100 ಗಜ ದೂರವಿರಲಿ. ಅಡುಗೆ ಮಾಡಿದ ಬಟ್ಟೆಯಲ್ಲೇ ಮಲಗಬೇಡಿ.

ನಮ್ಮ ಕರ್ನಾಟಕದ ದರೋಜಿ ಕರಡಿಧಾಮದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿಗಳನ್ನು ಕರೆಸುತ್ತಾರೆ, ಜನ ದೂರದ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಆ ನೆನಪಿನಲ್ಲಿ ಅಮೆರಿಕದ ಕರಡಿಗೆ ಬಾಳೆಹಣ್ಣು ಎಸೆಯಲು ಹೋಗಬೇಡಿ, ಅದು ಅಪರಾಧ.

ಸ್ಪ್ರೇ

ಯೆಲ್ಲೋಸ್ಟೋನ್‌ನಲ್ಲಿ ಕರಡಿ ಸ್ಪ್ರೇ, ಅಂದರೆ ನುಗ್ಗಿ ಬರುವ ಕರಡಿಯತ್ತ ಹೊಡೆಯುವ ಖಾರದ ಸ್ಪ್ರೇ, ಜೊತೆಗಿರಲೇಬೇಕು. ಯೊಸೆಮಿಟಿಯಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ವಿಮಾನದಲ್ಲಿ ಒಯ್ಯುವಂತಿಲ್ಲ, ಹೋದ ಮೇಲೆ ಕೊಳ್ಳಿ. ಬ್ಯಾಗಿನ ತಳದಲ್ಲಲ್ಲ, ಸೊಂಟದಲ್ಲಿರಲಿ. ಕರಡಿ ನುಗ್ಗಿ ಬಂದು 30ರಿಂದ 60 ಅಡಿ ಹತ್ತಿರವಾದಾಗ ಒತ್ತಬೇಕು. ಸೊಳ್ಳೆ ಔಷಧದಂತೆ ಟೆಂಟಿಗೆ ಹೊಡೆಯಬೇಡಿ, ಪ್ರಯೋಜನವಿಲ್ಲ.

ಎದುರಾದರೆ

ಓಡಬೇಡಿ. ಕರಡಿ ನಿಮಗಿಂತ ಜೋರಾಗಿ ಓಡುತ್ತದೆ. ಕಪ್ಪು ಕರಡಿ ಕ್ಯಾಂಪಿಗೆ ಬಂದರೆ ದೂರದಿಂದಲೇ ಎಲ್ಲರೂ ಸೇರಿ ಕಿರುಚಿ, ಪಾತ್ರೆ ಬಡಿಯಿರಿ. ಗ್ರಿಜ್ಲಿ ಕಂಡರೆ ಕಿರುಚಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ಬೆಚ್ಚಿದ ಗ್ರಿಜ್ಲಿ ಮೈಮೇಲೇ ಬಿದ್ದರೆ ಸತ್ತಂತೆ ಬೋರಲು ಮಲಗಿ, ಕೈಗಳಿಂದ ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಬೆನ್ನಿನ ಬ್ಯಾಗ್ ತೆಗೆಯಬೇಡಿ. ಕಪ್ಪು ಕರಡಿಯಾದರೆ ಕೈಗೆ ಸಿಕ್ಕಿದ್ದರಲ್ಲಿ ಮುಖಕ್ಕೆ ಹೊಡೆಯಿರಿ. ರಾತ್ರಿ ಟೆಂಟಿಗೇ ನುಗ್ಗಿದ ಕರಡಿ ಯಾವುದೇ ಆಗಲಿ, ಸತ್ತಂತೆ ನಟಿಸಬೇಡಿ, ಹೊಡೆದಾಡಿ. ಪಾರಾದ ಮೇಲೆ ಮೊದಲು ರೇಂಜರ್‌ಗೆ ತಿಳಿಸಿ, ಪಕ್ಕದ ಟೆಂಟಿನಲ್ಲೂ ಜನ ಮಲಗಿರುತ್ತಾರೆ.