ಸ್ವಂತ ಉದ್ಯಮಕ್ಕೆ ಮುನ್ನ ಬಾಲ್ಯವನ್ನು ಪರಿಶೀಲಿಸುವ ಬಗೆ

ಸ್ವಂತ ಉದ್ಯಮ ಆರಂಭಿಸಬೇಕೆಂದಿರುವವರು ಬಂಡವಾಳದ ಲೆಕ್ಕ ಹಾಕುವಷ್ಟೇ ಶ್ರದ್ಧೆಯಿಂದ, ತಾವು ಬೆಳೆದ ಮನೆಯಲ್ಲಿ ದುಡ್ಡು, ಸಾಲ, ನಷ್ಟಗಳ ಬಗ್ಗೆ ಏನೇನು ಕಂಡು ಕೇಳಿದ್ದೆವು ಎಂಬುದನ್ನೂ ಬರೆದುಕೊಳ್ಳಬೇಕು. ಉದ್ಯಮಿಗಳ ಮಕ್ಕಳು ಉದ್ಯಮಿಗಳಾಗುವ ಸಾಧ್ಯತೆ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ. ಇದು ಹುಟ್ಟಿನಿಂದ ಬರುತ್ತದೆಯೋ ಬೆಳೆದ ಮನೆಯಿಂದ ಬರುತ್ತದೆಯೋ ಎಂದು ತಿಳಿಯಲು ಸ್ವೀಡನ್ನಿನ ದತ್ತುಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆತ್ತವರ ಪ್ರಭಾವ ಇದ್ದರೂ ಸಾಕಿದವರ ಪ್ರಭಾವ ಅದರ ಸುಮಾರು ಎರಡರಷ್ಟಿದೆ ಎಂದು ತೋರಿಸಿತು. ಮನೆಯಲ್ಲಿ ಕಲಿತದ್ದನ್ನು ದೊಡ್ಡವರಾದ ಮೇಲೆ ತಿದ್ದಿಕೊಳ್ಳಬಹುದು ಎಂಬುದೇ ಬಾಲ್ಯದ ಈ ಪರಿಶೀಲನೆಗೆ ಕಾರಣ.

ಬರೆಯುವಾಗ ತಂದೆತಾಯಿಯ ವೃತ್ತಿಗಿಂತ ಘಟನೆಗಳನ್ನು ನೆನಪಿಸಿಕೊಳ್ಳಿ. ನಷ್ಟವಾದಾಗ ಹಿರಿಯರು ಮಕ್ಕಳೆದುರೇ ಲೆಕ್ಕ ಬಿಚ್ಚಿ ಮಾತಾಡಿದರೋ, ಕದ ಮುಚ್ಚಿಕೊಂಡು ಪಿಸುಗುಟ್ಟಿದರೋ? ಸಾಲ ಕೊಟ್ಟವರು ಬಂದು ನಿಂತಾಗ ‘ಅಪ್ಪ ಮನೆಯಲ್ಲಿಲ್ಲ’ ಎಂದು ಹೇಳಿ ಕಳಿಸುವ ಕೆಲಸ ನಿಮ್ಮ ಪಾಲಿಗೆ ಬಂದಿತ್ತೋ? ಈ ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಬಿಡಬೇಡಿ. ಬಾಗಿಲಲ್ಲಿ ನಿಂತು ಹಾಗೆ ಸುಳ್ಳು ಹೇಳಿದ ಮಗುವಿಗೆ ತಗಾದೆ ಎಂದರೆ ಅವಮಾನ ಎಂಬ ಭಾವನೆ ಬೇರೂರಿಬಿಡಬಹುದು. ಅದೇ ವ್ಯಕ್ತಿ ಮುಂದೆ ಸರಕು ಕಳಿಸಿ, ಬಿಲ್ಲು ಕೊಟ್ಟು, ಗಡುವು ಕಳೆದ ಮೇಲೆ ಗಿರಾಕಿಗೆ ನೆನಪಿನ ಸಂದೇಶ ಬರೆದು, ಕಳಿಸಲಾರದೆ ಅಳಿಸಿಹಾಕುತ್ತಾನೆ. ಬಂದ ಲಾಭವೆಲ್ಲ ಬಾಕಿಯಲ್ಲೇ ಉಳಿಯುತ್ತದೆ. ಇಂಥವರಿಗೆ ಧೈರ್ಯ ತಂದುಕೊಳ್ಳಿ ಎಂಬ ಬುದ್ಧಿಮಾತಿಗಿಂತ ವ್ಯವಸ್ಥೆಯೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ: ಆರ್ಡರ್ ಪಡೆಯುವಾಗಲೇ ಮುಂಗಡ ಮತ್ತು ಗಡುವನ್ನು ಬರಹದಲ್ಲಿ ಒಪ್ಪಿಸಿಕೊಳ್ಳಿ, ತಗಾದೆಯ ಪತ್ರವನ್ನು ಮೊದಲೇ ಸಿದ್ಧಪಡಿಸಿಡಿ, ಸಾಧ್ಯವಾದರೆ ವಸೂಲಿಯನ್ನು ಪಾಲುದಾರರಿಗೆ ವಹಿಸಿ.

ವ್ಯಾಪಾರ ಚೆನ್ನಾಗಿ ನಡೆದ ಮನೆಯವರಿಗೆ ಬೇರೆ ಅಪಾಯವಿದೆ. ಅವರು ಏಳಿಗೆಯನ್ನಷ್ಟೇ ಕಂಡಿರಬಹುದು. ಹಿರಿಯರ ಬಳಿ ಕುಳಿತು ಕೈಸುಟ್ಟುಕೊಂಡ ವರ್ಷಗಳ ಬಗ್ಗೆ ಬಿಡಿಸಿ ಕೇಳುವುದು ಅವರಿಗೆ ಅಗತ್ಯ.

ಸಂಬಳದ ಮನೆಯಲ್ಲಿ ಬೆಳೆದವರು ಉದ್ಯಮ ತಮಗೆ ಒಗ್ಗದೆಂದು ಕೈಚೆಲ್ಲಬೇಕಾಗಿಲ್ಲ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ 1960ರ ದಶಕದಲ್ಲಿ ಕಾಕಿನಾಡದ ವ್ಯಾಪಾರಿಗಳಿಗೆ ಸಾಧನೆಯ ಹಂಬಲವನ್ನು ಬೆಳೆಸುವ ತರಬೇತಿ ಕೊಡಿಸಿದಾಗ, ಅದನ್ನು ಪಡೆದವರು ಪಡೆಯದವರಿಗಿಂತ ಚುರುಕಾಗಿ ವ್ಯವಹಾರ ವಿಸ್ತರಿಸಿದ್ದು ಕಂಡುಬಂತು. ಅವರೆಲ್ಲ ಬಾಲ್ಯ ದಾಟಿ ಬಂದವರೇ. ಸಂಬಳದ ಮನೆಯಿಂದ ಬಂದವರು ಕೆಲಸ ಬಿಡುವ ಮುನ್ನ, ನಡೆಯುತ್ತಿರುವ ಉದ್ಯಮವೊಂದರಲ್ಲಿ ಕೆಲಕಾಲ ಕುಳಿತು ಖರೀದಿ, ಉದ್ದರಿ, ವಸೂಲಿ ಮೂರನ್ನೂ ಕಣ್ಣಾರೆ ನೋಡಲಿ. ಅದರಲ್ಲೂ ಬಿಲ್ಲಿನ ಹಣ ಬಾರದ ತಿಂಗಳಲ್ಲಿ ಮಾಲೀಕರು ಕೆಲಸಗಾರರ ಸಂಬಳವನ್ನು ಹೇಗೆ ಹೊಂದಿಸುತ್ತಾರೆ ಎಂಬುದನ್ನು.