ಉದ್ದ ಹಲಗೆಗೆ ಜರುಗುವ ಆನಿಕೆ

ತೀರ್ಥಹಳ್ಳಿ ಕಡೆಯ ಮನೆಗಳಿಗೆ ಬಾಗಿಲು ಮಾಡಿಕೊಡುವ ನನಗೆ 7 ಅಡಿಯ ಹಲಸಿನ ಹಲಗೆಗಳ ಅಂಚಿಗೆ ತೋಪಡ (ಮರ ಹೆರೆದು ಸಮಮಾಡುವ ಕೈಸಾಧನ) ಹಾಕುವುದು ನಿತ್ಯದ ಕೆಲಸ. ಎಡತುದಿಯನ್ನು ಕೆಲಸದ ಬೆಂಚಿನ ವೈಸ್ (ತಿರುಪು ಬಿಗಿದು ಮರ ಹಿಡಿಯುವ ದವಡೆ) ಹಿಡಿದಿರುತ್ತದೆ, ಬಲತುದಿಗೆ ಆಧಾರವಿಲ್ಲ. ತೋಪಡ ಅತ್ತ ಹೋದಂತೆ ಹಲಗೆ ಜಗ್ಗಿ ಅಂಚು ಸೊಟ್ಟಗಾಗುತ್ತದೆ. ಹಿಡಿದುಕೊಳ್ಳಲು ಯಾರನ್ನಾದರೂ ಕರೆಯೋಣವೆಂದರೆ ಅಡಿಕೆ ಕೊಯ್ಲು ಶುರುವಾದ ಮೇಲೆ ಒಂದಾಳೂ ಸಿಗುವುದಿಲ್ಲ. ಅದಕ್ಕೇ ಬೆಂಚಿನ ಮುಂಗಾಲುಗಳ ನಡುವೆ ಅತ್ತಿತ್ತ ಜರುಗುವ ಆನಿಕೆ ಮಾಡಿಕೊಂಡೆ.

ಆನಿಕೆ ಎಂದರೆ 8 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ಹಲಗೆ, ನೆಟ್ಟಗೆ ನಿಲ್ಲುವಂಥದ್ದು. ಒಲೆಯ ಮೇಲಿನ ಅಟ್ಟದಲ್ಲಿ ಚೆನ್ನಾಗಿ ಒಣಗಿದ್ದನ್ನೇ ಆರಿಸಿದೆ. ಮರದ ಎಳೆ ಮೇಲಿಂದ ಕೆಳಕ್ಕೇ ಇರಬೇಕು. ಮರ ಮಳೆಗಾಲದಲ್ಲಿ ಹಿಗ್ಗುವುದು ಅಗಲಕ್ಕೆ, ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಎಳೆ ಅಡ್ಡ ಇಟ್ಟರೆ ಆಷಾಢದಲ್ಲಿ ಕಚ್ಚಿಕೊಂಡು ಜರುಗುವುದೇ ಇಲ್ಲ.

ಕೆಳಗೆ ಕಾಲಿನಿಂದ ಕಾಲಿಗೆ ಮತ್ತಿಮರದ ಪಟ್ಟಿ ಕೂಡಿಸಿದೆ. ಅದರ ಮೈಯನ್ನು ಮನೆಯ ಮಾಡಿನ ಹಾಗೆ ಎರಡೂ ಬದಿಗೆ ಇಳಿಜಾರು ಮಾಡಿ, ಆನಿಕೆಯ ಬುಡಕ್ಕೆ ಹೊಂದುವ ಕಚ್ಚು ಕೊಟ್ಟೆ. ಪಟ್ಟಿಯಲ್ಲಿ ತೋಡು ತೆಗೆದರೆ ಹೊಟ್ಟು ತುಂಬಿಕೊಳ್ಳುತ್ತದೆ, ಇಳಿಜಾರಿನಲ್ಲಿ ಜಾರಿ ಹೋಗುತ್ತದೆ. ಆನಿಕೆಯ ಮೇಲ್ತುದಿಯ ನಾಲಿಗೆ ಬೆಂಚಿನಡಿಯ ತೋಡಿನಲ್ಲಿ ಅರ್ಧ ನೂಲು (ಅಂಗುಲದ ಹದಿನಾರನೇ ಒಂದು ಭಾಗ) ಸಡಿಲವಾಗಿ ಓಡುತ್ತದೆ. ಕೆಳಗಿನ ಪಟ್ಟಿಯ ಇಳಿಜಾರು ದಿಂಡು ಅರ್ಧ ಅಂಗುಲ ಎತ್ತರ. ನಾಲಿಗೆಯ ಮೇಲೆ ತೋಡಿನಲ್ಲಿ ಮುಕ್ಕಾಲು ಅಂಗುಲ ಖಾಲಿ ಬಿಟ್ಟಿದ್ದರಿಂದ ಆನಿಕೆಯನ್ನು ಎತ್ತಿ ಹೊರತೆಗೆಯಬಹುದು. ಮೇಣದಬತ್ತಿ ಉಜ್ಜಿದರೆ ಬೆರಳಲ್ಲೇ ಜರುಗುತ್ತದೆ.

ಇಷ್ಟರಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದಿದ್ದು ಮುಖ ಸರಿಮಾಡುವುದಕ್ಕೆ. ವೈಸಿನ ಒಳದವಡೆ, ಬೆಂಚಿನ ಮುಂದಿನ ಅಂಚು, ಆನಿಕೆಯ ಮುಖ, ಮೂರೂ ಒಂದೇ ಸಮ. ಆನಿಕೆ ಕೂದಲೆಳೆ ಮುಂದೆ ಬಂದರೂ ವೈಸ್ ಬಿಗಿದ ಕೂಡಲೇ ಹಲಗೆ ಬಾಗುತ್ತದೆ, ಬಾಗಿದ ಹಲಗೆಯ ಅಂಚು ಬಿಚ್ಚಿದ ಮೇಲೆ ನೇರ ಇರುವುದಿಲ್ಲ. ಉದ್ದದ ರೂಲುಕಟ್ಟು ಅಡ್ಡ ಹಿಡಿದು, ಬೆಳಕು ತೂರದಷ್ಟು ಕೀಸಿದೆ.

ಹಲಗೆಯನ್ನು ಹೊರುವ ಗೂಟಕ್ಕೆ ಆನಿಕೆಯಲ್ಲಿ ಮುಕ್ಕಾಲು ಅಂಗುಲದ ತೂತುಗಳು ಎರಡು ಸಾಲು, ಸಾಲಿನಲ್ಲಿ 2 ಅಂಗುಲಕ್ಕೊಂದು. ಒಂದು ಸಾಲನ್ನು 1 ಅಂಗುಲ ಕೆಳಗಿಳಿಸಿದ್ದರಿಂದ ಹಲಗೆಯನ್ನು ಅಂಗುಲ ಅಂಗುಲವಾಗಿ ಏರಿಸಬಹುದು. ಗೂಟ ಮರದ್ದೇ ಇರಲಿ. ಕಬ್ಬಿಣದ್ದಕ್ಕೆ ತೋಪಡದ ಅಲಗು ತಗುಲಿದರೆ ಮುಕ್ಕಾಗುತ್ತದೆ.

ಕೂಡಿಸಿ ಮುಗಿಸಿದ ಬಾಗಿಲನ್ನು ಮಾತ್ರ ನೆಲದ ಮೇಲೆ, ಕಚ್ಚು ಕೊರೆದ ಎರಡು ದಪ್ಪ ತುಂಡುಗಳಲ್ಲಿ ನಿಲ್ಲಿಸಿ ಬೆಣೆ ಹಾಕುತ್ತೇನೆ. ಬೆಣೆ ತೋಪಡ ಓಡುವ ದಿಕ್ಕಿಗೇ ಬಡಿಯಬೇಕು, ತಳ್ಳಿದಷ್ಟೂ ಬಿಗಿಯಾಗುತ್ತದೆ.