ಜಾವಾ ಬಿಟ್ಟು ಏಸಿ ಬೋರ್ಡ್ ಹಿಡಿದೆ: ಮೂರು ವರ್ಷದ ಲೆಕ್ಕ

ಆರು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿ ಜಾವಾ ಕೋಡ್ ಬರೆದೆ. ಕೈಗೆ ತಿಂಗಳಿಗೆ 62 ಸಾವಿರದಷ್ಟು ಬರುತ್ತಿತ್ತು. ಕೆಲಸ ಹೋದ ಮೇಲೆ ಇನ್ವರ್ಟರ್ ಏಸಿ ಬೋರ್ಡ್ ರಿಪೇರಿಗೆ ಇಳಿಯುತ್ತೇನೆ ಅಂದೆ. "ಇಂಜಿನಿಯರ್ ಅಂತ ಮಗಳನ್ನ ಕೊಟ್ಟಿದ್ದು, ಅಳಿಯಂದ್ರೇ" ಅಂದರು ಮಾವ. ಏಸಿ ಲೈನಿನವರೂ ನಂಬಲಿಲ್ಲ. ಬೋರ್ಡ್ ಹೋದರೆ ಬದಲಾಯಿಸುತ್ತಾರೆ, ರಿಪೇರಿ ಯಾರು ಮಾಡಿಸುತ್ತಾರೆ ಅಂದರು.

ಬೆಸುಗೆ ಬಿಡಿಸುವ ಹಾಟ್ ಏರ್, ಸಿಗ್ನಲ್ ನೋಡುವ ಹಳೇ ಸ್ಕೋಪ್, ವ್ಯಾಕ್ಯೂಮ್ ಪಂಪ್, ಗೇಜ್ ಎಲ್ಲ ಸೇರಿ ಒಂದೂಕಾಲು ಲಕ್ಷ ಆಯಿತು. ಮೊದಲ ಎಂಟು ತಿಂಗಳು ಬರೀ ನಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಐಪಿಎಂ, ಅಂದರೆ ಕಂಪ್ರೆಸರ್ ಓಡಿಸುವ ಪವರ್ ಚಿಪ್, ತಂದು ಹಾಕುತ್ತಿದ್ದೆ. ಆನ್ ಮಾಡಿದ ತಕ್ಷಣ ಟಪ್! ಹೀಗೆ ನಾಲ್ಕು ಹೋದವು, ಒಂದಕ್ಕೆ ಸಾವಿರದ ಹತ್ತಿರ. ಒಬ್ಬ ಗಿರಾಕಿಗೆ ಕೈಯಿಂದಲೇ ಹೊಸ ಬೋರ್ಡ್ ತಂದುಕೊಟ್ಟೆ, 11 ಸಾವಿರ. ಆ ರಾತ್ರಿ ನಿದ್ದೆ ಬರಲಿಲ್ಲ. ಚಿಪ್ ಹೋದ ಆ ನಾಲ್ಕರಲ್ಲಿ ಎರಡರ ಕಂಪ್ರೆಸರ್ ವೈಂಡಿಂಗೇ ಅದರ ಲೋಹದ ಮೈಗೆ ತಾಗಿತ್ತು, ನಾನು ಮೆಗ್ಗರ್ (ಇನ್ಸುಲೇಶನ್ ಸರಿ ಇದೆಯಾ ಅಂತ ನೋಡುವ ಮೀಟರ್) ಹಿಡಿದಿರಲಿಲ್ಲ. ಉಳಿದ ಎರಡರಲ್ಲಿ 15 ವೋಲ್ಟ್ ಸಪ್ಲೈನ ಕೆಪಾಸಿಟರ್ ಒಣಗಿತ್ತು. ಐವತ್ತು ರೂಪಾಯಿಯೂ ಇಲ್ಲದ ಸಾಮಾನು!

ಈಗ ಸೀರೀಸ್ ಬಲ್ಬ್, ಅಂದರೆ ಕರೆಂಟ್ ದಾರಿಯ ನಡುವೆ ಒಂದು ಬಲ್ಬ್, ಇಲ್ಲದೆ ಯಾವ ಬೋರ್ಡಿಗೂ ಕರೆಂಟ್ ಕೊಡಲ್ಲ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಮುಂದಕ್ಕೆ ಹೋಗುತ್ತೇನೆ. ಹಾಗೇ ಉರಿಯುತ್ತಿದ್ದರೆ ಶಾರ್ಟ್ ಇದೆ, ಎಷ್ಟೋ ಸಲ ಅಲ್ಲೇ ಒಂದು ಸುಟ್ಟ ಹಲ್ಲಿಯೂ ಇರುತ್ತದೆ. ಹಲ್ಲಿ ಮತ್ತೆ ಬರದ ಹಾಗೆ ಬೋರ್ಡಿಗೆ ಏನು ಬಳಿಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಕಲಿತ ಕೋಡಿಂಗ್ ಸುಮ್ನೆ ಹೋಗಲಿಲ್ಲ. ಇಂಡೋರ್, ಔಟ್‌ಡೋರ್ ನಡುವಿನ ಸಿಗ್ನಲ್ ಓದುವ ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಕಮ್ಯುನಿಕೇಶನ್ ಎರರ್ ಬಂದರೆ ಯಾವ ಕಡೆ ಉತ್ತರ ಕೊಡುತ್ತಿಲ್ಲ ಅಂತ ಹತ್ತೇ ನಿಮಿಷದಲ್ಲಿ ಹೇಳುತ್ತೇನೆ. ನಮ್ಮ ಏರಿಯಾದಲ್ಲಿ ಬೇರೆ ಯಾರೂ ಹೀಗೆ ಮಾಡಲ್ಲ. ನಡುವೆ ವಾಷಿಂಗ್ ಮೆಷಿನ್ ಬೋರ್ಡಿಗೂ ಕೈ ಹಾಕಿದ್ದೆ. ಮೇಲೆ ಸುರಿದ ಅಂಟು ಕೆರೆಯಲು ಅರ್ಧ ದಿನ, ಸಿಗುವುದು 800. ಬಿಟ್ಟೆ.

ಒಂದು ಬೋರ್ಡಿಗೆ ಮೂರರಿಂದ ನಾಲ್ಕು ಸಾವಿರ ತೆಗೆದುಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ ಖರ್ಚು ಕಳೆದು 1.2 ಲಕ್ಷ ದಾಟುತ್ತದೆ, ಆಗಸ್ಟ್‌ನಲ್ಲಿ 30 ಸಾವಿರವೂ ಕಷ್ಟ. ವರ್ಷಕ್ಕೆ ಹಂಚಿದರೆ ತಿಂಗಳಿಗೆ 70-75 ಸಾವಿರ. ಪಿಎಫ್ ಇಲ್ಲ, ಇನ್ಶೂರೆನ್ಸ್ ನಾನೇ ಕಟ್ಟಬೇಕು. ಜೊತೆಗಿದ್ದವರಲ್ಲಿ ಕೋಡಿಂಗಲ್ಲೇ ಉಳಿದು ಸೀನಿಯರ್ ಆದವರು ನನಗಿಂತ ಜಾಸ್ತಿ ದುಡಿಯುತ್ತಾರೆ, ಅದು ನಿಜ. ಆದರೆ ಹೊಸದಾಗಿ ಸೇರುವವರಿಗೆ ದೊಡ್ಡ ಕಂಪನಿಗಳು ಇವತ್ತಿಗೂ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇವೆ, ಅಲ್ವಾ?

ನನ್ನ ಜೊತೆ ಇರುವ ಐಟಿಐ ಹುಡುಗ ಪೈಪ್ ಬೆಸುಗೆಯಲ್ಲಿ ನನಗಿಂತ ಗಟ್ಟಿ. ಅವನಿಗೆ 20 ಸಾವಿರ ಕೊಡುತ್ತೇನೆ, ಸೀಸನ್ನಿನಲ್ಲಿ ಮೇಲೆ ಐದು. ಈ ಬೇಸಿಗೆಗೆ ಇನ್ನೊಬ್ಬ ಬೇಕು. ದಿನಕ್ಕೆ 900 ಅಂದರೂ ಮೆಗ್ಗರ್ ಹಿಡಿಯಲು ಬರುವವರು ಇನ್ನೂ ಸಿಕ್ಕಿಲ್ಲ.